ಸಣ್ಣಪುಟ್ಟ ಲೋಪಗಳಿದ್ದರೂ

‘ಸಣ್ಣಪುಟ್ಟ ಲೋಪಗಳಿದ್ದರೂ ಒಟ್ಟಾರೆ ಕಛೇರಿ ಯಶಸ್ವಿಯಾಯಿತು.’

ಈ ವಾಕ್ಯವನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ಊರಿನ ಸಂಗೀತ ಸಭೆ, ರಾಮನವಮಿಯ ಪೆಂಡಾಲು, ಗಣಪತಿ ಉತ್ಸವ – ಎಲ್ಲಿಗೆ ಹೋದರೂ ಕೈಚೀಲದಲ್ಲೊಂದು ಪುಟ್ಟ ನೋಟ್‌ಬುಕ್ಕು. ಮನೆಗೆ ಬಂದು ಅಕ್ಕಿ ತೊಳೆದು ಒಲೆಯ ಮೇಲಿಟ್ಟು, ಕುಕ್ಕರ್ ಮೂರು ಸಲ ಕೂಗುವುದರೊಳಗೆ ವಿಮರ್ಶೆ ಬರೆದು ಮುಗಿಸುವುದು ನನಗೆ ರೂಢಿಯಾಗಿಹೋಗಿತ್ತು. ಹಾಡಿದವರ ಹೆಸರು, ರಾಗಗಳ ಹೆಸರು, ಪಕ್ಕವಾದ್ಯದವರ ಹೆಸರು, ಕೊನೆಗೆ ಈ ವಾಕ್ಯ. ಓದಿದವರು ಯಾರೂ ಸಿಟ್ಟಾಗುತ್ತಿರಲಿಲ್ಲ. ಹಾಡಿದವರು ದಾರಿಯಲ್ಲಿ ಸಿಕ್ಕಾಗ ನಗುತ್ತಿದ್ದರು. ಯಾವ ಲೋಪ, ಎಲ್ಲಿ ಆಯಿತು, ಅದು ತಿದ್ದಬಹುದಾದದ್ದೋ ಅಲ್ಲವೋ – ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಖಚಿತವಾಗಿ ಗೊತ್ತಿರುತ್ತಿರಲಿಲ್ಲ.

ಈ ವಾಕ್ಯ ನನ್ನ ಕೈಬಿಟ್ಟಿದ್ದು ಒಂದೇ ಒಂದು ಸಲ. ಅದೂ ಕಛೇರಿಯಲ್ಲಲ್ಲ, ನನ್ನ ತವರಿನ ಪಡಸಾಲೆಯಲ್ಲಿ.

ನನ್ನ ತವರು ಸೊಕ್ಕೆ. ಜಗಳೂರು ತಾಲೂಕು. ನಾನು ಹುಟ್ಟಿದಾಗ ಅದು ಚಿತ್ರದುರ್ಗ ಜಿಲ್ಲೆ, 1997ರಿಂದ ದಾವಣಗೆರೆ ಜಿಲ್ಲೆ. ಜಿಲ್ಲೆ ಬದಲಾದರೂ ಮಳೆ ಬದಲಾಗಲಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಶೇಂಗಾ, ಜೋಳ, ಈರುಳ್ಳಿ ಎಂದು ಮುಗಿಲು ನೋಡುತ್ತ ಬದುಕುವ ಸೀಮೆ. ಇಂಥ ಊರಿನಿಂದ ಒಂದು ದಿನ ಅಣ್ಣನ ಮಗಳು ಫೋನು ಮಾಡಿದಳು. “ಅತ್ತೆ, ಊರಿನೋರ ಹಾಡಿನ ಮ್ಯಾಲೆಲ್ಲ ಬರಿತೀಯಲ್ಲ, ನಾನೊಂದು ಗಿಟಾರ್ ಮಾಡಿದೀನಿ. ಬಂದು ನೋಡು. ಹೆಂಗೈತೆ ಅಂತ ಹೇಳು. ಸುಮ್‌ಸುಮ್ನೆ ಚೆನ್ನಾಗೈತೆ ಅನ್ಬ್ಯಾಡ.”

ಅರ್ಧ ಗಂಟೆ ಕಳೆದಿರಲಿಲ್ಲ, ಅಣ್ಣನ ಫೋನು. “ನೋಡವ್ವಾ, ಬರೋದು ಬಾ. ಆದ್ರೆ ಚೆನ್ನಾಗಿಲ್ಲ ಅಂತ ಹೇಳಿಬಿಡು. ನನ್ನ ಮಾತು ಕೇಳಲ್ಲ, ನಿನ್ನ ಮಾತು ಕೇಳ್ತಾಳೆ. ಈ ಹುಚ್ಚು ಅಲ್ಲಿಗೆ ಮುಗೀಲಿ.”

ಅಣ್ಣನ ಸಂಕಟ ನನಗೆ ಗೊತ್ತಿತ್ತು. ಹುಡುಗಿ ಎಂಜಿನಿಯರಿಂಗ್ ಓದಲು ಹೋಗಿ, ಮೂರನೇ ವರ್ಷಕ್ಕೆ ನಾಲ್ಕು ವಿಷಯ ಬಾಕಿ ಉಳಿಸಿಕೊಂಡು, ಹಾಸ್ಟೆಲಿನ ಟ್ರಂಕು ಹೊತ್ತುಕೊಂಡು ಊರಿಗೆ ಬಂದಿದ್ದಳು. ಆಮೇಲೆ ಆ ಮನೆಯಲ್ಲಿ ಓದಿನ ಮಾತನ್ನು ಯಾರೂ ಆಡುತ್ತಿರಲಿಲ್ಲ. ಬೇರೆ ಮಾತನ್ನೂ ಹೆಚ್ಚಾಗಿ ಆಡುತ್ತಿರಲಿಲ್ಲ. ನೆಂಟರು ಬಂದರೆ ಅವಳು ಹಿತ್ತಲಿಗೆ ಹೋಗುತ್ತಿದ್ದಳು. ಹಿತ್ತಲಾಚೆ ಬಡಗಿ ಕೆಲಸದ ಮುದುಕರೊಬ್ಬರ ಮನೆ. ನೇಗಿಲು, ಕುಂಟೆ, ಬಾಗಿಲ ಚೌಕಟ್ಟು, ತೊಟ್ಟಿಲು ಮಾಡಿ ಬದುಕಿದವರು. ಅವಳು ಅವರನ್ನು ಆಚಾರಿ ಅಜ್ಜ ಎನ್ನುತ್ತಾಳೆ. ಗಿಟಾರನ್ನು ಅವರು ಸಿನಿಮಾದಲ್ಲಿ ಮಾತ್ರ ನೋಡಿದ್ದರು. ಆದರೆ ಮರದ ಎಳೆ ಯಾವ ಕಡೆಗೆ ಓಡುತ್ತದೆಂದು ಬೆರಳಿಟ್ಟೇ ಹೇಳುವವರು. ಅವಳಿಗೆ ಅಳತೆ ಗೊತ್ತು, ಅವರಿಗೆ ಮರ ಗೊತ್ತು. ಹೀಗೆ ಇಬ್ಬರಿಗೂ ಕೂಡಿಬಂತು.

ಇಷ್ಟಾಗಿದ್ದರೆ ಅಣ್ಣ ಸುಮ್ಮನಿರುತ್ತಿದ್ದನೇನೋ. ಆದರೆ ಅವಳು ಅವ್ವನ ಮಂಚ ಕಡಿದಿದ್ದಳು.

ಅದು ಬೀಟೆ ಮರದ ಮಂಚ. ಮಲೆನಾಡಿನ ಕಡೆಯಿಂದ ಅವ್ವನ ಮದುವೆಗೆ ಬಂದದ್ದು. ಅವ್ವ ಹೋದ ಮೇಲೆ ಕಾಲು ಮುರಿದು ಅಟ್ಟ ಸೇರಿತ್ತು. ಅದರ ತಲೆದೆಸೆಯ ಅಗಲ ಹಲಗೆಯನ್ನು ಇಳಿಸಿ ಸಾಮಿಲ್ಲಿನಲ್ಲಿ ತೆಳ್ಳಗೆ ಸೀಳಿಸಿ ತಂದಿದ್ದರು, ಅಜ್ಜ ಮತ್ತು ಮೊಮ್ಮಗಳಂಥ ಈ ಹುಡುಗಿ. ಕೇಳಿದಾಗ ನನಗೂ ಕರುಳು ಚುರ್ ಎಂದಿತ್ತು. ಆ ಹಲಗೆಗೆ ಒರಗಿ ಅವ್ವ ನಮಗೆಲ್ಲ ಹೇನು ತೆಗೆದಿದ್ದಳಲ್ಲ!

ಆದರೆ ಬೀಟೆಯನ್ನೇ ಆರಿಸಿದ್ದರಲ್ಲಿ ಹುಡುಗಿ ತಪ್ಪು ಮಾಡಿರಲಿಲ್ಲ. ಗಿಟಾರಿನ ಬೆನ್ನು, ಪಕ್ಕೆಗಳಿಗೆ ಮೊದಲು ಬ್ರೆಜಿಲ್ ದೇಶದ ಬೀಟೆಗೆ ಬಹಳ ಬೆಲೆಯಿತ್ತು. ಅದರ ದಿಮ್ಮಿ ಸಿಗುವುದು ಕಷ್ಟವಾದಾಗ, ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿಯವರು 1969ರಲ್ಲಿ ನಮ್ಮ ದೇಶದ ಬೀಟೆಗೆ ತಿರುಗಿದರು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಜಾತಿಯದೇ ಮರ. ಎಲ್ಲೋ ದೂರದ ದೇಶದ ವೇದಿಕೆಯ ಮೇಲೆ ನುಡಿಯುವ ಎಷ್ಟೋ ಗಿಟಾರುಗಳ ಬೆನ್ನಿಗೆ ನಮ್ಮ ಕಡೆಯ ಬೀಟೆ ಇದೆ ಎಂದರೆ ಆಶ್ಚರ್ಯವಾಗುತ್ತದೆ, ಅಲ್ಲವೇ? ಈಗ ಅದನ್ನು ಬೇಕೆಂದಾಗ ಕಡಿಯುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು. 2017ರಿಂದ ದೇಶದಿಂದ ದೇಶಕ್ಕೆ ಸಾಗಿಸುವುದಕ್ಕೂ ಅಂತರರಾಷ್ಟ್ರೀಯ ಕಟ್ಟಳೆಗಳಿವೆ. ಸಿದ್ಧವಾದ ಸಂಗೀತ ವಾದ್ಯಗಳಿಗೆ ಮಾತ್ರ 2019ರಲ್ಲಿ ವಿನಾಯಿತಿ ಸಿಕ್ಕಿತು. ಹಾಗಿರುವಾಗ ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಮಂಚಕ್ಕಿಂತ ಒಳ್ಳೆಯ ಮರ ಸೊಕ್ಕೆಯ ಹುಡುಗಿಗೆ ಇನ್ನೆಲ್ಲಿ ಸಿಗಬೇಕು?

ಹೋದೆ. ಅತ್ತಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮಾಡಿಟ್ಟಿದ್ದರು. ತಿಂದು ಕೈ ತೊಳೆದ ಮೇಲೆ ಹುಡುಗಿ ಹಳೇ ಸೀರೆಯಲ್ಲಿ ಸುತ್ತಿದ್ದ ಗಿಟಾರನ್ನು ತಂದು ನನ್ನ ತೊಡೆಯ ಮೇಲಿಟ್ಟಳು. ಅಣ್ಣ ಎದುರಿನ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂತ. ಪೇಪರ್ ತಲೆಕೆಳಗಾಗಿರಲಿಲ್ಲ ಅಷ್ಟೆ; ಓದಂತೂ ನಡೆದಿರಲಿಲ್ಲ.

ಕನ್ನಡಕ ಹಾಕಿಕೊಂಡು ನೋಡತೊಡಗಿದೆ. ಮೊದಲು ಕಂಡಿದ್ದೆಲ್ಲ ತಪ್ಪೇ. ಬೆನ್ನಿನ ಹಲಗೆಯಲ್ಲಿ, ಒಂದು ಪಕ್ಕಕ್ಕೆ, ರೂಪಾಯಿ ಅಗಲದ ಹಳದಿ ಮಚ್ಚೆ. ಮಂಚಕ್ಕೆ ಮೊಳೆ ಹೊಡೆದಿದ್ದ ಜಾಗದಲ್ಲಿ ತೂತಿತ್ತಂತೆ. ಅದನ್ನು ದುಂಡಗೆ ಕೊರೆದು ಹಲಸಿನ ಮರದ ತುಂಡು ಕೂರಿಸಿದ್ದಳು. ಕಪ್ಪು ಮರದಲ್ಲಿ ಹಳದಿ ಮಚ್ಚೆ ದೂರಕ್ಕೇ ಎದ್ದು ಕಾಣುತ್ತಿತ್ತು. ಸೊಂಟದ ಬಳಿ ಪಕ್ಕೆಯ ಮೇಲೆ ಕೂದಲೆಳೆಯಂಥ ಗೆರೆ. ಮೇಲ್ಹಲಗೆಯಲ್ಲಿ, ತಂತಿ ಕಟ್ಟುವ ಕುದುರೆಯ ಕೆಳಗೆ, ಬೆರಳುದ್ದದ ಇನ್ನೊಂದು ಗೆರೆ. ಅಂಚಿನ ಪಟ್ಟಿ ಒಂದು ಕಡೆ ಅಗಲ, ಒಂದು ಕಡೆ ಕಿರಿದು. ಮೆರುಗು ಹಚ್ಚಿದ್ದರಲ್ಲೂ ಅಲ್ಲಲ್ಲಿ ಬೆರಳಿನ ಗುರುತು. ಮನಸ್ಸಿನಲ್ಲಿಯೇ ಎಣಿಸಿದೆ: ಐದು. ಅಣ್ಣ ಪೇಪರಿನ ಮೇಲಿಂದ ನನ್ನ ಮುಖ ನೋಡಿದ. ‘ನೋಡಿದೆಯಲ್ಲ?’ ಎನ್ನುವಂತಿತ್ತು ಆ ನೋಟ. ಅವನು ಹೇಳಿಸಬೇಕೆಂದಿದ್ದ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಹುಡುಗಿ ಎದ್ದು ಹೋಗಿ ಎರಡು ವಸ್ತು ತಂದಳು. ಒಂದು ಬ್ಯಾಟರಿ, ಇನ್ನೊಂದು ಅತ್ತಿಗೆಯ ಕುಂಕುಮದ ಡಬ್ಬಿಯ ಪುಟ್ಟ ಕನ್ನಡಿ. “ಅತ್ತೆ, ಹೊರಗ್ ನೋಡಿದ್ದು ಸಾಕು, ಒಳಗ್ ನೋಡು” ಎಂದು ಗಿಟಾರಿನ ದುಂಡು ಬಾಯಿಯೊಳಗೆ ಕನ್ನಡಿ ಇಳಿಸಿ ಬೆಳಕು ಬಿಟ್ಟಳು.

ಒಳಗೆ ಬೇರೊಂದೇ ಮನೆ. ಹೊರಗೆ ಕಪ್ಪಗೆ ಮಿರುಗುತ್ತಿದ್ದ ಮರ ಒಳಗೆ ಬರಿಮೈಯಲ್ಲಿತ್ತು. ಮೇಲ್ಹಲಗೆಯ ಅಡಿಗೆ ಮಾಳಿಗೆಯ ತೊಲೆಗಳಂತೆ ಸಣ್ಣ ಸಣ್ಣ ಪಟ್ಟಿಗಳು. ಹೊರಗಿನಿಂದ ಗೆರೆ ಕಂಡಲ್ಲೆಲ್ಲ, ಒಳಗೆ ಅದಕ್ಕೆ ಅಡ್ಡಲಾಗಿ, ಉಗುರಿನಷ್ಟಗಲದ ಮರದ ಬಿಲ್ಲೆಗಳನ್ನು ಸಾಲಾಗಿ ಅಂಟಿಸಿದ್ದಳು. ಪ್ರತಿಯೊಂದರ ಪಕ್ಕದಲ್ಲೂ ಪೆನ್ಸಿಲಿನಲ್ಲಿ ತಾರೀಖು, ಎರಡು ಮೂರು ಪದ. ‘ಇಲ್ಲಿ ಸೀಳಿತು. ನೀರು ಕಮ್ಮಿ.’ ‘ಬೇಸಿಗೆಗೆ ಬಿಟ್ಟಿತು.’ ‘ಇಲ್ಲಿ ಜಾಸ್ತಿ ಹೆರೆದೆ.’ ಕನ್ನಡಿಯಲ್ಲಿ ಅಕ್ಷರ ತಿರುವುಮುರುವಾಗಿ ಕಾಣುತ್ತಿದ್ದವು, ಅವಳೇ ಓದಿ ಹೇಳಿದಳು.

ಒಂದೊಂದರ ಕಥೆಯೂ ಹೊರಬಂತು. ಪಕ್ಕೆಯ ಹಲಗೆ ಎರಡು ಮಿಲಿಮೀಟರ್ ದಪ್ಪ. ಅದನ್ನು ಒದ್ದೆ ಮಾಡಿ, ಕಾದ ಕಬ್ಬಿಣದ ಕೊಳವೆಗೆ ಒತ್ತುತ್ತ ಸೊಂಟದಂತೆ ಬಗ್ಗಿಸಬೇಕು. ಅವಸರ ಮಾಡಿದರೆ ಟಪ್ ಎಂದು ಸೀಳುತ್ತದೆ. ಸೀಳಿತು. ಬೇರೆ ಹಲಗೆ ಇಲ್ಲ, ಅವ್ವನ ಮಂಚ ಒಂದೇ. ಅಂಟು ಹಾಕಿ, ಬಿಗಿದು, ಒಳಗೆ ಬಿಲ್ಲೆ ಕೊಟ್ಟಳು. ಮೇಲ್ಹಲಗೆ ಚಳಿದೇಶದ ಸ್ಪ್ರೂಸ್ ಮರದ್ದು. ಅದೊಂದನ್ನು, ತಂತಿ ಮತ್ತು ಬಿರಟೆಗಳ ಜೊತೆಗೆ, ದುಡ್ಡು ಕೊಟ್ಟು ಅಂಚೆಯಲ್ಲಿ ತರಿಸಿದ್ದಳು. ಮಳೆಗಾಲದಲ್ಲಿ ಅಂಟಿಸಿದಳು. ಮಾರ್ಚಿ ಬಂತು. ನಮ್ಮ ಜಗಳೂರಿನ ಒಣಗಾಳಿ ಗೊತ್ತಲ್ಲ, ಮನುಷ್ಯರ ಹಿಮ್ಮಡಿಯನ್ನೇ ಬಿಡುವುದಿಲ್ಲ. ತೇವ ಕುಡಿದು ಅಗಲವಾಗಿದ್ದ ಹಲಗೆ ಒಣಗಿ ಕುಗ್ಗಿತು. ನಾಲ್ಕೂ ಕಡೆ ಅಂಟಿನಿಂದ ಹಿಡಿದಿಟ್ಟ ಹಲಗೆ ಕುಗ್ಗಲು ಜಾಗವಿಲ್ಲದೆ ನಡುವೆ ಬಿರಿಯಿತು. ಬಿರುಕಿಗೆ ಅದೇ ಮರದ ಕಡ್ಡಿಯೊಂದನ್ನು ಎಳೆಯಂತೆ ಹೆರೆದು ತುಂಬಿದಳು.

“ಇವು ಐದೂ ಕಣ್ಣಿನ ತಪ್ಪು ಅತ್ತೆ. ಕಿವಿಗೆ ಕೇಳಲ್ಲ” ಎಂದಳು.

ಕಿವಿಗೆ ಕೇಳುವುದಿಲ್ಲ ಎಂದರೆ ನಂಬುವುದು ಹೇಗೆ? ಆದರೆ ಇದನ್ನು ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಬ್ಬ ತೋರಿಸಿಕೊಟ್ಟಿದ್ದಾನೆ. ಸ್ಪೇನ್ ದೇಶದ ಆಂಟೋನಿಯೋ ದೆ ಟೊರೆಸ್ (1817–1892), ಇವತ್ತಿನ ಗಿಟಾರಿನ ಆಕಾರಕ್ಕೆ ಕಾರಣನಾದವನು. ನಾದ ಹುಟ್ಟುವುದು ಮುಖ್ಯವಾಗಿ ಮೇಲ್ಹಲಗೆಯಿಂದ ಎಂದು ಅವನ ವಾದ. ಸಾಧಿಸಿ ತೋರಿಸಲು 1862ರಲ್ಲಿ ಬೆನ್ನು, ಪಕ್ಕೆಗಳನ್ನು ಕಾಗದದ ರಟ್ಟಿನಿಂದಲೇ ಮಾಡಿ, ಒಳ್ಳೆಯ ಮೇಲ್ಹಲಗೆ ಕೂರಿಸಿ ಒಂದು ಗಿಟಾರು ಕಟ್ಟಿದ. ಅದು ಬಾರ್ಸಿಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿ ಇದೆ. ರಟ್ಟಿನ ಬೆನ್ನಿನ ಗಿಟಾರೇ ನುಡಿಯುವುದಾದರೆ, ಅವ್ವನ ಮಂಚದ ಮೊಳೆತೂತಿಗೆ ಹಾಕಿದ ಹಲಸಿನ ತೇಪೆ ಯಾವ ಲೆಕ್ಕ?

ಇನ್ನು ಕಿವಿಯ ತಪ್ಪು. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಲೋಹದ ಮೆಟ್ಟುಗಳಿರುತ್ತವಲ್ಲ, ಅವು ಎಲ್ಲಿ ಕೂರಬೇಕು ಎನ್ನುವುದು ಶುದ್ಧ ಲೆಕ್ಕ. ತಂತಿಯ ಉದ್ದ 650 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದನ್ನು 17.817ರಿಂದ ಭಾಗಿಸಿದರೆ ಸುಮಾರು 36.5, ಅದು ಮೊದಲನೆಯ ಮೆಟ್ಟು. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದಕ್ಕೆ ಇರುವ ದೂರ, 34.4. ಹೀಗೆ ಇಳಿಯುತ್ತ ಹೋಗಿ ಹನ್ನೆರಡನೆಯ ಮೆಟ್ಟು ಸರಿಯಾಗಿ ಅರ್ಧಕ್ಕೆ, 325ಕ್ಕೆ ಬಂದು ನಿಲ್ಲಬೇಕು. ನಮ್ಮ ಹುಡುಗಿಯ ಲೆಕ್ಕ ಸರಿಯಾಗಿತ್ತು, ಅಳೆದ ಕ್ರಮ ತಪ್ಪಿತ್ತು. ಪ್ರತಿ ಮೆಟ್ಟನ್ನೂ ಮೇಲಿನ ತುದಿಯಿಂದಲೇ ಅಳೆಯುವುದು ಬಿಟ್ಟು, ಹಿಂದಿನ ಮೆಟ್ಟಿನಿಂದ ಮುಂದಿನದಕ್ಕೆ ಅಳೆಯುತ್ತ ಹೋದಳು. ಒಂದು ಕಡೆ ಕೂದಲೆಳೆ ತಪ್ಪಿದ್ದು ಮುಂದಿನದಕ್ಕೆ, ಅದರ ಮುಂದಿನದಕ್ಕೆ ಸೇರುತ್ತ, ಹನ್ನೆರಡನೆಯದು 327ಕ್ಕೆ ಬಂತು. ಎರಡೇ ಮಿಲಿಮೀಟರ್. ಆದರೆ ಕಿವಿಗೆ ಅದು ಬೇರೆಯೇ ಸ್ವರ. ಗಂಡಿಗಳನ್ನೆಲ್ಲ ಅದೇ ಬೀಟೆಯ ಎಳೆಗಳಿಂದ ಮುಚ್ಚಿ, ಹೆರೆದು ಸಮ ಮಾಡಿ, ಮತ್ತೆ ಮೇಲಿನ ತುದಿಯಿಂದ ಅಳೆದು ಕೊಯ್ದಳು. ಬೆಳಕಿಗೆ ಓರೆಯಾಗಿ ಹಿಡಿದರೆ ಮೆಟ್ಟುಗಳ ಪಕ್ಕದಲ್ಲಿ ಹಳೆಯ ಗಂಡಿಗಳು ನೆರಳಿನಂತೆ ಕಾಣುತ್ತವೆ. ನುಡಿಸಿದರೆ ಕೇಳುವುದಿಲ್ಲ.

ಆಗ ನನಗೆ ವೀಣೆಯ ನೆನಪಾಯಿತು. ಚಿಕ್ಕಂದಿನಲ್ಲಿ ಮೂರು ವರ್ಷ ಕಲಿತವಳು ನಾನು, ಆದರೂ ಇದನ್ನು ಯೋಚಿಸಿರಲಿಲ್ಲ. ವೀಣೆಯ ಇಪ್ಪತ್ನಾಲ್ಕು ಮೆಟ್ಟುಗಳನ್ನು ಮರಕ್ಕೆ ಕೊರೆದು ಕೂರಿಸುವುದಿಲ್ಲ, ಮೇಣದಲ್ಲಿ ಕೂರಿಸುತ್ತಾರೆ. ಜೇನುಮೇಣಕ್ಕೆ ಮಸಿ, ರಾಳ ಕೂಡಿಸಿ ಕಾಯಿಸಿ, ಉದ್ದಕ್ಕೆ ಎರಡು ದಿಂಡು ಕಟ್ಟಿ, ತಂತಿ ಮೀಟಿ ಕಿವಿಯಿಂದ ಕೇಳುತ್ತ ಒಂದೊಂದೇ ಮೆಟ್ಟನ್ನು ಅದರ ಜಾಗಕ್ಕೆ ಸರಿಸುತ್ತಾರೆ. ಇದಕ್ಕೆ ಮೇಳ ಕಟ್ಟುವುದು ಎನ್ನುತ್ತಾರೆ. ವರ್ಷಗಳು ಕಳೆದಂತೆ ಮೇಣ ಸಡಿಲವಾಗುತ್ತದೆ, ಸ್ವರ ಜರುಗುತ್ತದೆ. ಮತ್ತೆ ಬಿಸಿ ಮಾಡಿ ಮತ್ತೆ ಕಟ್ಟುತ್ತಾರೆ. ದೊಡ್ಡಬಳ್ಳಾಪುರ ತಾಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಕಡೆಯುವ ಮನೆಗಳಿವೆ. ಊರಿಗೆ ಊರೇ ಆ ಕೆಲಸಕ್ಕೆ ಹೆಸರುವಾಸಿ. ಇತ್ತ ನಮ್ಮ ಗಡಿಯಾಚೆ ಮೀರಜಿನಲ್ಲಿ, ಕತ್ತಿ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಹತ್ತೊಂಬತ್ತನೇ ಶತಮಾನದಲ್ಲಿ ಸಿತಾರು, ತಂಬೂರಿಗಳ ಕೆಲಸಕ್ಕೆ ತಿರುಗಿದರು. ಆ ಊರಿನ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಿತಾರಿನ ಮೆಟ್ಟುಗಳನ್ನು ದಾರದಿಂದ ಬಿಗಿದಿರುತ್ತಾರೆ, ಬೇಕೆಂದಾಗ ಮೇಲೆ ಕೆಳಗೆ ಸರಿಸಬಹುದು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೊಂದು ತುಂಡು ನೂಲು ಸರಿಸಿದರೆ ಸಾಕು, ಸತ್ತಂತಿದ್ದ ತಂತಿ ಝೇಂಕರಿಸುತ್ತದೆ. ಮೇಣ, ದಾರ, ನೂಲು! ತಪ್ಪಾಗುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಸರಿಪಡಿಸಲು ಜಾಗ ಬಿಟ್ಟೇ ಈ ವಾದ್ಯಗಳನ್ನು ಕಟ್ಟಿದ್ದಾರೆ.

ನಾವು ರವಿಕೆ ಹೊಲಿಯುವಾಗ ಒಳಗೆ ಒಂದಿಂಚು ಬಟ್ಟೆ ಮಡಚಿ ಬಿಡುವುದಿಲ್ಲವೇ, ಹಾಗೆ. ಮುಂದೆ ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಎಂದು. ಆ ಒಂದಿಂಚನ್ನು ಯಾರೂ ಹೊಲಿಗೆಯ ದೋಷ ಎನ್ನುವುದಿಲ್ಲ.

ಹೀಗೆ ಹೇಳಿದಾಗ ಹುಡುಗಿ ನಕ್ಕಳು. “ಆಚಾರಿ ಅಜ್ಜನೂ ಇದನ್ನೇ ಹೇಳ್ತಾರೆ. ಫೆವಿಕಾಲ್ ಮುಟ್ಟೋಕೆ ಬಿಡ್ಲಿಲ್ಲ. ಸರೇಸೇ ಆಗ್ಬೇಕು ಅಂದ್ರು.” ಸರೇಸು ಅಂದರೆ ಚಕ್ಕಳ, ಎಲುಬು ಕುದಿಸಿ ಮಾಡುವ ಹಳೆಯ ಕಾಲದ ಅಂಟು, ನೀರಿನಲ್ಲಿ ನೆನೆಸಿ ಬಿಸಿ ಮಾಡಿ ಹಚ್ಚುವುದು. ಹಿಡಿದರೆ ಗಟ್ಟಿ. ಆದರೆ ಬಿಸಿಗೂ ತೇವಕ್ಕೂ ಬಿಟ್ಟುಕೊಡುತ್ತದೆ. ಪಿಟೀಲು ಮಾಡುವವರು ಇಂದಿಗೂ ಅದನ್ನೇ ಬಳಸುವುದು ಇದೇ ಕಾರಣಕ್ಕೆ: ಎಂದಾದರೊಂದು ದಿನ ಯಾರಾದರೂ ಬಿಚ್ಚಿ ರಿಪೇರಿ ಮಾಡಬೇಕಾಗುತ್ತದೆ.

ಈಗ ನುಡಿಸು ಎಂದೆ. ನುಡಿಸಿದಳು. ಅವಳೇನು ದೊಡ್ಡ ವಾದಕಿಯಲ್ಲ, ನನಗೆ ಗಿಟಾರಿನ ಪಾಠವೂ ಆಗಿಲ್ಲ. ಆದರೆ ನಾದ ಗೊತ್ತಾಗದಷ್ಟು ಕಿವುಡಿಯಲ್ಲ ನಾನು. ಕೆಳಗಿನ ಸ್ವರಗಳು ಗುಂಯ್ ಎಂದು ತುಂಬಿ ಬಂದವು. ಒಂದೊಂದು ಕಡೆ ತುಸು ಹೆಚ್ಚೇ ತುಂಬಿ, ಪಕ್ಕದ ಸ್ವರವನ್ನು ಮುಸುಕುತ್ತಿದ್ದವು. ಹೆಚ್ಚು ಹೆರೆದೆ ಎಂದು ಬರೆದಿದ್ದಳಲ್ಲ, ಅದರ ಫಲ. ಮೇಲಿನ ತಂತಿಗಳು ಮಾತ್ರ ತುಂಬ ಚೊಕ್ಕ. ಅಡುಗೆಮನೆಯಿಂದ ಅತ್ತಿಗೆ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಂತರು. ಆಮೇಲೆ ಕತ್ತಿನ ಕೆಳಗೆ ಬೆರಳು ಇಳಿಸಿದಾಗ ಹುಡುಗಿಯ ಮುಖ ಬಿಗಿಯಾಯಿತು. ಒತ್ತಲು ಕಷ್ಟ. ಒತ್ತಿದರೆ ಸ್ವರ ಏರಿ ಅಪಸ್ವರ. ನೋಡಿದರೆ, ಹನ್ನೆರಡನೇ ಮೆಟ್ಟಿನ ಮೇಲೆ ತಂತಿ ಐದು ಮಿಲಿಮೀಟರ್ ಎತ್ತರದಲ್ಲಿತ್ತು. ಎರಡೂವರೆ ಇದ್ದರೆ ಸರಿ.

“ಇದು ಮೂರನೇ ತಪ್ಪು” ಎಂದಳು, ಈ ಸಲ ನಗಲಿಲ್ಲ. ಕತ್ತನ್ನು ಒಡಲಿಗೆ ಕೂರಿಸುವಾಗ ಕೋನ ಒಂದಿಷ್ಟು ಮುಂದಕ್ಕೆ ಬಾಗಿದೆ. ಆರು ಉಕ್ಕಿನ ತಂತಿಗಳು ಸೇರಿ ಸುಮಾರು ಎಪ್ಪತ್ತು ಕಿಲೋ ಭಾರದಷ್ಟು ಎಳೆಯುತ್ತವೆ, ಅದು ಬೇರೆ. ತಂತಿಯನ್ನು ಅಲ್ಲಿ ಎರಡೂವರೆ ಇಳಿಸಬೇಕಾದರೆ ಕುದುರೆಯ ಮೇಲಿನ ಎಲುಬಿನ ಪಟ್ಟಿಯನ್ನು ಅದರ ಎರಡರಷ್ಟು, ಐದು ಮಿಲಿಮೀಟರ್ ಇಳಿಸಬೇಕು. ಇರುವುದೇ ಮೂರು. ಅಂದರೆ ಉಜ್ಜಿ, ತುಂಬಿ, ತೇಪೆ ಹಾಕಿ ಸರಿಹೋಗುವ ತಪ್ಪಲ್ಲ ಇದು. ಕತ್ತನ್ನೇ ಬಿಚ್ಚಿ ಮತ್ತೆ ಕೂರಿಸಬೇಕು. ಬಿಚ್ಚುವಾಗ ಒಡಲು ಸೀಳಿದರೆ ಎರಡು ವರ್ಷದ ಕೆಲಸ ಹೋಯಿತು.

“ನಿಂಗೆ ಮೊದ್ಲೇ ಗೊತ್ತಿತ್ತಾ?”

“ಗೊತ್ತಿತ್ತು. ಬಿಚ್ಚಾಕೆ ಧೈರ್ಯ ಬರ್ಲಿಲ್ಲ. ನೀನು ಚೆನ್ನಾಗೈತೆ ಅಂದಿದ್ರೆ ಹಂಗೇ ಬಿಟ್ಟುಬಿಡ್ತಿದ್ದೆ.”

ಆ ಮಾತು ನನಗೆ ಚುಚ್ಚಿತು. ಇಷ್ಟು ವರ್ಷ ನಾನು ಬರೆದದ್ದೆಲ್ಲ ‘ಹಂಗೇ ಬಿಟ್ಟುಬಿಡಿ’ ಎಂದೇ ಅಲ್ಲವೇ? ಸಣ್ಣಪುಟ್ಟ ಲೋಪ ಎಂಬ ಒಂದೇ ಚೀಲದೊಳಗೆ ಎಲ್ಲವನ್ನೂ ತುಂಬಿಬಿಟ್ಟಿದ್ದೆ. ಹಾಡುಗಾರ್ತಿ ಸೀರೆಯ ಸೆರಗು ಸರಿಪಡಿಸಿಕೊಂಡಿದ್ದು, ಮೈಕು ಕುಂಯ್ ಎಂದಿದ್ದು, ಮೇಲಿನ ಷಡ್ಜ ನಿಲ್ಲದಿದ್ದದ್ದು, ತಾಳ ತಪ್ಪಿದ್ದು – ಎಲ್ಲವೂ ನನಗೆ ಒಂದೇ ತೂಕ. ‘ತಂಬೂರಿಯ ಶ್ರುತಿ ಕೂಡಿರಲಿಲ್ಲ’ ಎಂದು ಹಿಂದೆ ಕೂತ ಇಬ್ಬರು ಹೆಣ್ಣುಮಕ್ಕಳ ಮೇಲೆ ತಪ್ಪು ಹೊರಿಸಿ ಬರೆದದ್ದೂ ಉಂಟು. ಅದು ಅವರ ಬೆರಳಿನ ತಪ್ಪೋ, ಸವೆದ ಕುದುರೆಯ ತಪ್ಪೋ ನೋಡಿದವಳಲ್ಲ. ಕುದುರೆಯನ್ನು ಕೆತ್ತಿದವರು ಯಾರು, ಸೋರೆಯನ್ನು ಒಣಗಿಸಿದವರು ಯಾರು, ಅವರ ಹೆಸರು ನನ್ನ ಯಾವ ವಿಮರ್ಶೆಯಲ್ಲೂ ಬಂದಿಲ್ಲ.

ಈ ಹುಡುಗಿ ತನ್ನ ಕೆಲಸವನ್ನು ತಾನೇ ಮೂರು ಪಾಲು ಮಾಡಿ ನೋಡಿದ್ದಳು. ಕಣ್ಣಿಗೆ ಕಾಣುವ, ನಾದಕ್ಕೆ ತಾಗದ ತಪ್ಪು ಒಂದು; ಅದರ ಜೊತೆ ಬದುಕಬಹುದು. ನಾದಕ್ಕೆ ತಾಗುವ, ಆದರೆ ಇದ್ದಲ್ಲೇ ತಿದ್ದಬಹುದಾದ ತಪ್ಪು ಇನ್ನೊಂದು, ಅದನ್ನು ತಿದ್ದಲೇಬೇಕು. ಇಡೀ ಕಟ್ಟಡದ ಕೋನವೇ ಜರುಗಿದ್ದು ಮೂರನೆಯದು. ಅದಕ್ಕೆ ಬಿಚ್ಚಿ ಮತ್ತೆ ಕಟ್ಟುವುದಲ್ಲದೆ ಬೇರೆ ದಾರಿಯಿಲ್ಲ. ವಿಮರ್ಶೆಯೆಂದರೆ ಇದೇ ಅಲ್ಲವೇ, ಯಾವುದು ಯಾವುದೆಂದು ಹೇಳುವುದು? ಹೊಗಳುವುದು, ತೆಗಳುವುದು ಆಮೇಲಿನ ಮಾತು.

ಮನೆಗಳಲ್ಲೂ ನಾವು ಮಾಡುವುದು ಇದೇ ಗೊಂದಲ ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ. ಹಳದಿ ಮಚ್ಚೆಗೆ ನಾವು ಕೂಗಾಡುವಷ್ಟು, ಕತ್ತಿನ ಕೋನಕ್ಕೆ ಕೂಗಾಡುವುದಿಲ್ಲ. ಕೋನ ನಮಗೆ ಕಾಣುವುದೇ ಇಲ್ಲ. ನೆಂಟರ ಕಣ್ಣಿಗೆ ಬೀಳುವುದು ಮಚ್ಚೆ, ಹಾಗಾಗಿ ನಮಗೂ ಅದೇ ದೊಡ್ಡದು. ನಾಲ್ಕು ವಿಷಯ ಬಾಕಿ ಉಳಿದದ್ದು ಯಾವ ಬಗೆಯ ತಪ್ಪು ಎಂದು ಆ ಮನೆಯಲ್ಲಿ ಯಾರಾದರೂ ಕೂತು ಕೇಳಿದ್ದರೆ? ನಾನೇ ಕೇಳಿರಲಿಲ್ಲ. ಫೋನಿನಲ್ಲಿ ‘ಆಗಿದ್ದಾಯ್ತು ಬಿಡು’ ಎಂದಿದ್ದೆ. ಅದೂ ನನ್ನ ಹಳೆಯ ವಾಕ್ಯವೇ, ಬೇರೆ ಮಾತುಗಳಲ್ಲಿ.

ಅಣ್ಣ ಪೇಪರ್ ಮಡಚಿ ಕೆಳಗಿಟ್ಟ. “ಅಂದ್ರೆ, ಚೆನ್ನಾಗಿಲ್ಲ ತಾನೆ?”

ಹುಡುಗಿ ನನ್ನನ್ನೇ ನೋಡುತ್ತಿದ್ದಳು. ನೋಟ್‌ಬುಕ್ಕು ಕೈಚೀಲದಲ್ಲೇ ಇತ್ತು, ತೆಗೆಯಲಿಲ್ಲ. “ನೋಡಣ್ಣ” ಎಂದೆ. “ಮೈ ಚೆನ್ನಾಗೈತೆ. ನಾದ ಚೆನ್ನಾಗೈತೆ, ಕೆಳಗಿನ ಸ್ವರ ತುಸು ಮಸುಕು. ಮುಂದಿನ ಗಿಟಾರಿಗೆ ಮೇಲ್ಹಲಗೆ ಕಡಿಮೆ ಹೆರೀಬೇಕು. ಮೆಟ್ಟು ಸರಿಯಾಗಿ ಕೂತಾವೆ. ಕತ್ತು ಚೆನ್ನಾಗಿಲ್ಲ. ಅದನ್ನ ಬಿಚ್ಚಿ ಮತ್ತೆ ಕೂರಿಸೋ ತನಕ ಇದನ್ನ ಗಿಟಾರು ಅನ್ನೋಕೆ ಬರಲ್ಲ.”

“ಮುಂದಿನ ಗಿಟಾರಿಗೆ?” ಎಂದ ಅಣ್ಣ. ಅವನಿಗೆ ಕೇಳಿಸಿದ್ದು ಅದೊಂದೇ.

ಹುಡುಗಿ ಅತ್ತಳು. ಸ್ವಲ್ಪ ಹೊತ್ತು. ಆಮೇಲೆ ಕಣ್ಣೊರೆಸಿಕೊಂಡು ಅಜ್ಜನನ್ನು ಕರೆದುಕೊಂಡು ಬಂದಳು. ಅವರು ಕತ್ತಿನ ಬುಡವನ್ನು ಬೆರಳಿನಿಂದ ತಟ್ಟಿ ನೋಡಿ, “ಸರೇಸಲ್ಲವೇ, ಉಗಿ ಕೊಟ್ರೆ ಬಿಡ್ತದೆ” ಎಂದರು. ಕೆಲಸ ಹೀಗೆ: ಒಡಲಿನ ಮೇಲೆ ಬರುವ ಒಂದು ಮೆಟ್ಟನ್ನು ಕಿತ್ತು, ಆ ಗಂಡಿಯಲ್ಲಿ ಸಣ್ಣ ತೂತು ಕೊರೆದು, ಜೋಡಣೆಯ ಸಂದಿಗೆ ಬಿಸಿ ಉಗಿ ಹಾಯಿಸಬೇಕು. ಮೇಲ್ಹಲಗೆಗೆ ಅಂಟಿದ ಪಟ್ಟಿಯನ್ನು ಇಸ್ತ್ರಿಪೆಟ್ಟಿಗೆಯಿಂದ ಬಿಸಿ ಮಾಡಿ ತೆಳು ಚಾಕುವಿನಿಂದ ಬಿಡಿಸಬೇಕು. ಅಂಟು ಕರಗಿದಾಗ ಕತ್ತು ಮೆಲ್ಲಗೆ ಮೇಲೆದ್ದು ಬರುತ್ತದೆ. ಹಿಮ್ಮಡಿಯ ಕಡೆ ಒಂದು ಸಿಪ್ಪೆಯಷ್ಟು ಹೆರೆದು ಕೋನ ಸರಿಮಾಡಿ ಮತ್ತೆ ಅಂಟಿಸಬೇಕು.

“ಉಗಿಗೆ ಏನು ಮಾಡ್ತೀರಿ?” ಎಂದು ಕೇಳಿದೆ.

ಯಾರೂ ಮಾತಾಡಲಿಲ್ಲ. ಎಲ್ಲರ ಕಣ್ಣೂ ಅಡುಗೆಮನೆಯ ಕಡೆ ಹೋಯಿತು. ಕುಕ್ಕರಿನ ಮೇಲಿನ ಗುಂಡು ತೆಗೆದು ಅಲ್ಲಿಗೊಂದು ರಬ್ಬರ್ ಕೊಳವೆ ಸಿಕ್ಕಿಸಿದರೆ ಆಯಿತು, ಎಂದಳು ಹುಡುಗಿ ಮೆಲ್ಲಗೆ.

ಅತ್ತಿಗೆ ಸೌಟು ಕೆಳಗಿಟ್ಟರು. ಎರಡು ವರ್ಷದಿಂದ ಆ ಮಂಚದ ಬಗ್ಗೆಯಾಗಲಿ, ಓದಿನ ಬಗ್ಗೆಯಾಗಲಿ ಅವರು ಒಂದು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. “ಬೇಳೆ ಬೆಂದ ಮ್ಯಾಲೆ ತಗೊಳ್ರಿ” ಎಂದರು. “ಆದ್ರೆ ಗ್ಯಾಸ್ಕೆಟ್ ಸವೆದೈತೆ, ಪಕ್ಕದಾಗೆಲ್ಲ ಉಗಿ ಹೋಗ್ತತಿ. ಜಗಳೂರಿಗೆ ಹೋದೋರು ಯಾರಾದ್ರೂ ಹೊಸಾದು ತರ್ರಿ.”

ಮರುದಿನ ಬೆಳಗಿನ ಬಸ್ಸಿಗೆ ನಾನು ಹೊರಟೆ. ಚೀಲ ಹಿಡಿದುಕೊಂಡು ಅಣ್ಣನೂ ಬಸ್ ಹತ್ತಿದ. ಬಿತ್ತನೆ ಬೀಜ ತರಬೇಕು ಎಂದ. ಜಗಳೂರಿನಲ್ಲಿ ಇಳಿದ ಮೇಲೆ ನೋಡಿದರೆ, ಅವನು ಮೊದಲು ಹೋಗಿದ್ದು ಪಾತ್ರೆ ಅಂಗಡಿಗೆ.